ಮಂಕಾಗಿ ಕೂತ ಕೋಳಿ: ಔಷಧಿಗೂ ಮೊದಲು ಏನೇನು ನೋಡಬೇಕು

ಕೋಳಿ ಮಂಕಾಗಿದೆ, ಏನು ಔಷಧಿ ಕೊಡಲಿ ಅಂತ ಕೇಳುವವರೇ ಜಾಸ್ತಿ. ಇಷ್ಟೇ ಕೇಳಿದರೆ ಇದಕ್ಕೆ ಉತ್ತರ ಇಲ್ಲ. ಹೊಟ್ಟೆಯಲ್ಲಿ ಹುಳ ಆದರೂ ಕೋಳಿ ಮಂಕಾಗುತ್ತದೆ. ಮೊಟ್ಟೆ ಸಿಕ್ಕಿಕೊಂಡರೂ, ಕೊಕ್ಕರೆ ರೋಗ (ರಾಣಿಖೇತ್) ಬಂದರೂ, ಇಲಿ ಪಾಷಾಣ ತಿಂದರೂ, ಏನೂ ಇಲ್ಲದೆ ಸುಮ್ನೆ ಮಳೆಯಲ್ಲಿ ನೆನೆದು ಚಳಿ ಹಿಡಿದರೂ ಅದೇ ಭಂಗಿ: ಗರಿ ಕೆದರಿ, ರೆಕ್ಕೆ ಜೋತು ಬಿಟ್ಟು, ಕಣ್ಣು ಅರ್ಧ ಮುಚ್ಚಿ, ಒಂದು ಮೂಲೆ ಹಿಡಿದು ನಿಲ್ಲುವುದು. ದೂರದಿಂದ ನೋಡಿದರೆ ಎಲ್ಲಾ ಕಾಯಿಲೆಯೂ ಒಂದೇ. ಹತ್ತಿರ ಹೋಗಿ, ಕೈಯಲ್ಲಿ ಹಿಡಿದು, ಹಿಕ್ಕೆ ನೋಡಿ, ಬೆಳಗ್ಗೆ ಗಂಟಲ ಚೀಲ ಮುಟ್ಟಿದಾಗಲೇ ಯಾವುದು ಏನು ಅಂತ ಗೊತ್ತಾಗುವುದು.

ಇದು ಸಕಲೇಶಪುರ, ಮೂಡಿಗೆರೆ, ಕೊಪ್ಪ, ಬೇಲೂರು ಕಡೆ ಮನೆ ಹಿಂದೆ ನಾಲ್ಕಾರು ಕೋಳಿ ಸಾಕಿಕೊಂಡವರಿಗೆ ಬರೆದದ್ದು. ಅದರಲ್ಲೂ ಒಂದೆರಡಕ್ಕೆ ಹೆಸರಿಟ್ಟು, ಇನ್ನು ಅದನ್ನು ಸಾರಿಗೆ ಹಾಕಲು ಮನಸ್ಸು ಬಾರದವರಿಗೆ. ಸಾವಿರ ಕೋಳಿಯ ಫಾರಂ ಲೆಕ್ಕವೇ ಬೇರೆ. ಅಲ್ಲಿ ಒಂದು ಹೋದರೆ ಹೋಯಿತು ಅನ್ನಬಹುದು, ಇಲ್ಲಿ ಆಗಲ್ಲ.

ನಿಜಕ್ಕೂ ಕಾಯಿಲೆಯಾ?

ಕಾವು ಕೂತ ಹೇಂಟೆಯನ್ನು ಕಾಯಿಲೆ ಅಂದುಕೊಳ್ಳುವವರು ಬಹಳ ಜನ. ಹೊಸದಾಗಿ ಸಾಕುವವರಂತೂ ಗಾಬರಿಯಾಗುತ್ತಾರೆ. ಗರಿ ಉಬ್ಬಿಸಿಕೊಂಡು ಒಂದೇ ಕಡೆ ಕೂತಿರುತ್ತದೆ, ಮೇವು ಬೇಡ, ಜುಟ್ಟು ಸ್ವಲ್ಪ ಬಿಳಿಚಿರುತ್ತದೆ. ಆದರೆ ಕೈ ಹತ್ತಿರ ತಂದರೆ ಗುರ್ ಅನ್ನುತ್ತದೆ, ಕುಕ್ಕಲು ಬರುತ್ತದೆ. ಕಾಯಿಲೆ ಕೋಳಿಗೆ ಅಷ್ಟು ಸಿಟ್ಟು ಎಲ್ಲಿಂದ ಬರಬೇಕು? ಕಾವು ಕೂತದ್ದು ದಿನಕ್ಕೆ ಒಂದೋ ಎರಡೋ ಸಲ ಎದ್ದು ಬಂದು, ಮೂಗು ಮುಚ್ಚಿಕೊಳ್ಳುವಂಥ ದೊಡ್ಡ ಹಿಕ್ಕೆ ಹಾಕಿ, ನಾಲ್ಕು ಕಾಳು ತಿಂದು ವಾಪಸ್ ಓಡುತ್ತದೆ. ಅದನ್ನು ಅದರ ಪಾಡಿಗೆ ಬಿಡಿ.

ಗರಿ ಉದುರುವ ಕಾಲವೂ ಹಾಗೇ. ಸಾಮಾನ್ಯವಾಗಿ ಹಗಲು ಚಿಕ್ಕದಾಗುವ ತಿಂಗಳುಗಳಲ್ಲಿ ಮೊಟ್ಟೆ ನಿಲ್ಲುತ್ತದೆ, ಮೈ ಮೇಲೆ ಮೊಳೆ ಗರಿ ಬರುತ್ತದೆ, ಮುಟ್ಟಿದರೆ ನೋವು, ಹಾಗಾಗಿ ದೂರ ಸರಿಯುತ್ತದೆ. ಆದರೆ ಮೇವು ತಿನ್ನುತ್ತದೆ, ಓಡಾಡುತ್ತದೆ. ಇನ್ನು ಅರಸೀಕೆರೆ, ಕಡೂರು ಕಡೆ ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನ ಬಾಯಿ ತೆರೆದು ಏದುಸಿರು ಬಿಟ್ಟರೆ ಅದು ಸೆಕೆ. ಅದೇ ಜುಲೈನಲ್ಲಿ ಸಕಲೇಶಪುರದ ಚಳಿ ಮಳೆಯಲ್ಲಿ ಬಾಯಿ ತೆರೆದು ಉಸಿರಾಡಿದರೆ ಅದು ಕಾಯಿಲೆ, ಎರಡು ಮಾತಿಲ್ಲ.

ಮೈ ಮುಟ್ಟಿ "ಜ್ವರ ಸುಡ್ತಿದೆ" ಅನ್ನಬೇಡಿ. ಕೋಳಿಯ ಮೈ ಶಾಖ ಮಾಮೂಲಿಯಾಗೇ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ನಮಗೆ ಅಷ್ಟು ಬಂದರೆ ಆಸ್ಪತ್ರೆಗೆ ಸೇರಿಸಬೇಕು. ಆರೋಗ್ಯವಾಗಿರುವ ಕೋಳಿ ನಮ್ಮ ಕೈಗೆ ಬಿಸಿಯಾಗೇ ತಾಗುತ್ತದೆ. ಹೆದರಬೇಕಾದ್ದು ಮೈ ತಣ್ಣಗಿದ್ದರೆ. ಕಾಲು, ಜುಟ್ಟು ತಣ್ಣಗಾಗಿದ್ದರೆ ಬೇರೆ ಕೆಲಸ ಬಿಟ್ಟು ಮೊದಲು ಬೆಚ್ಚಗೆ ಮಾಡಿ.

ಒಂದು ಮಾತು ನೆನಪಿರಲಿ. ಕೋಳಿ ಕಾಯಿಲೆಯನ್ನು ಆದಷ್ಟು ಬಚ್ಚಿಡುತ್ತದೆ. ಮಂಕಾಗಿದೆ ಅಂತ ಗೊತ್ತಾದರೆ ಗುಂಪಿನ ಬೇರೆ ಕೋಳಿಗಳೇ ಕುಕ್ಕಿ ಓಡಿಸುತ್ತವೆ. ಹಾಗಾಗಿ ನಿಮ್ಮ ಕಣ್ಣಿಗೆ "ಇವತ್ತು ಯಾಕೋ ಸರಿಯಿಲ್ಲ" ಅನಿಸುವ ಹೊತ್ತಿಗೆ ಅದಕ್ಕೆ ಕೆಲವು ದಿನದಿಂದ ಸರಿಯಿಲ್ಲ. ನಾಳೆ ನೋಡೋಣ ಅನ್ನಬೇಡಿ.

ಮೊದಲ ರಾತ್ರಿ ಎರಡೇ ಕೆಲಸ

ಬೇರೆ ಮಾಡುವುದು, ಬೆಚ್ಚಗಿಡುವುದು. ಔಷಧಿ ಗಿವಷಧಿ ಏನೂ ಬೇಡ. ಕಾಯಿಲೆ ಯಾವುದೇ ಇರಲಿ, ಈ ಎರಡರಿಂದ ತೊಂದರೆ ಅಂತೂ ಇಲ್ಲ. ಕೆಲವು ಸಲ ಇಷ್ಟಕ್ಕೇ ಬೆಳಗ್ಗೆ ಎದ್ದು ನಿಂತಿರುತ್ತದೆ.

ಒಂದು ದೊಡ್ಡ ರಟ್ಟಿನ ಡಬ್ಬ ಸಾಕು. ಗಾಳಿ ಆಡಲು ಮೇಲೆ ತೂತು ಮಾಡಿ. ತಳಕ್ಕೆ ಹಳೇ ದಿನಪತ್ರಿಕೆ ಹಾಸಿ, ಅದರ ಮೇಲೆ ಬಿಳಿ ಕಾಗದ ಅಥವಾ ತೆಳು ಬಣ್ಣದ ಹಳೇ ಪಂಚೆ ತುಂಡು. ಭತ್ತದ ಹೊಟ್ಟು, ಮರದ ಪುಡಿ ಹಾಕಬೇಡಿ, ಹಾಕಿದರೆ ಹಿಕ್ಕೆ ಕಾಣುವುದಿಲ್ಲ. ರಾತ್ರಿಯ ಹಿಕ್ಕೆಯೇ ನಿಮ್ಮ ಅರ್ಧ ಉತ್ತರ. ಡಬ್ಬದ ಒಂದು ಮೂಲೆಯಲ್ಲಿ 40 ವಾಟಿನ ಹಳೇ ಕಾಲದ ಬಲ್ಬು ನೇತು ಹಾಕಿ, ರಟ್ಟಿಗೂ ಗರಿಗೂ ತಾಗದಂತೆ. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಶಾಖ ಕೊಡಲ್ಲ. ಡಬ್ಬ ಬಲ್ಬಿನ ಕಡೆ 30 ಡಿಗ್ರಿ ಹತ್ತಿರ ಇದ್ದರೆ ಸಾಕು, ಇನ್ನೊಂದು ಕಡೆ ತಂಪಾಗಿರಲಿ. ಎಲ್ಲಿ ಕೂರಬೇಕು ಅಂತ ಅದಕ್ಕೇ ಗೊತ್ತು.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ಲ. ಮರ ಬಿದ್ದರೆ ಎರಡು ದಿನ ಕತ್ತಲೆ. ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ, ಮೂರು ನಾಲ್ಕು ಗಂಟೆಗೊಮ್ಮೆ ಬದಲಿಸಿ. ಕೆಂಡದ ಮಡಕೆ ಇಡುವವರಿದ್ದಾರೆ. ಮುಚ್ಚಿದ ಜಾಗದಲ್ಲಿ ಅದು ಬೇಡ, ಹೊಗೆಗೆ ಕೋಳಿಯ ಶ್ವಾಸಕೋಶ ಬಹಳ ಸೂಕ್ಷ್ಮ. ಒಲೆ ಪಕ್ಕವೂ ಅಷ್ಟಕ್ಕಷ್ಟೇ.

ಆರೋಗ್ಯವಾಗಿರುವ ಕೋಳಿಗಳಿಗೆ ಮೊದಲು ಮೇವು ನೀರು ಇಟ್ಟು ಬನ್ನಿ, ಕಾಯಿಲೆ ಕೋಳಿಯ ಹತ್ತಿರ ಕೊನೆಗೆ ಹೋಗಿ. ಆ ಜಾಗಕ್ಕೆ ಬೇರೆ ಚಪ್ಪಲಿ ಇರಲಿ. ಕೈ ಸೋಪಿನಲ್ಲಿ ತೊಳೆಯಿರಿ. ಮಕ್ಕಳು ಮುದ್ದು ಮಾಡಿ ಮುತ್ತಿಡುತ್ತಾರೆ, ಈ ಕೆಲವು ದಿನ ಅದು ಬೇಡವೇ ಬೇಡ.

ಹಿಕ್ಕೆ

ಮಾಮೂಲಿ ಹಿಕ್ಕೆ ಕಂದು ಅಥವಾ ಬೂದು ಬಣ್ಣದ ಉಂಡೆ, ಮೇಲೆ ಬಿಳಿ ಟೋಪಿ. ಆ ಬಿಳಿಯೇ ಅದರ ಮೂತ್ರ. ಎಂಟು ಹತ್ತು ಹಿಕ್ಕೆಗೆ ಒಂದು ಸಲ ಅಂಟಂಟಾಗಿ, ಕಾಫಿ ಬಣ್ಣದಲ್ಲಿ, ಕೆಟ್ಟ ವಾಸನೆಯ ಹಿಕ್ಕೆ ಬರುತ್ತದೆ. ಅದೂ ಮಾಮೂಲಿಯೇ. ಭೇದಿ ಅಂದುಕೊಂಡು ಮಾತ್ರೆ ಹುಡುಕಬೇಡಿ.

ಹಸಿರು ನೀರು ಹಿಕ್ಕೆ ಬಂದರೆ ಬಹಳ ಸಲ ಅರ್ಥ ಇಷ್ಟೇ: ಹೊಟ್ಟೆಯಲ್ಲಿ ಮೇವಿಲ್ಲ, ಬರೀ ಪಿತ್ತ ಬರುತ್ತಿದೆ. ಕೊಕ್ಕರೆ ರೋಗದಲ್ಲೂ ಹಸಿರೇ ಬರುತ್ತದೆ. ಹಾಗಾಗಿ ಹಸಿರು ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ, ಉಸಿರು ಮತ್ತು ಕುತ್ತಿಗೆ ನೋಡಿ.

ರಕ್ತ ಬಂದರೆ, ಅದರಲ್ಲೂ ಮೂರು ವಾರದಿಂದ ಎರಡು ತಿಂಗಳೊಳಗಿನ ಮರಿಯಲ್ಲಿ, ಮೊದಲ ಅನುಮಾನ ಕಾಕ್ಸಿಡಿಯೋಸಿಸ್ ಮೇಲೆ, ಅಂದರೆ ಕರುಳಲ್ಲಿ ಬೆಳೆಯುವ ಸೂಕ್ಷ್ಮ ಪರಾವಲಂಬಿಯ ಕಾಯಿಲೆ. ಜನ ರಕ್ತಭೇದಿ ಅನ್ನುತ್ತಾರೆ. ಒದ್ದೆ ನೆಲ, ಒದ್ದೆ ಹೊಟ್ಟು, ಬೆಚ್ಚಗಿನ ಗೂಡು, ಈ ಮೂರೂ ಸೇರಿದರೆ ಬರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಈ ಮೂರಕ್ಕೂ ಬರವಿಲ್ಲ. ಇದಕ್ಕೆ ನೀರಿಗೆ ಹಾಕುವ ಆಂಪ್ರೋಲಿಯಂ ಪುಡಿ ಪಶು ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ವೈದ್ಯರನ್ನು ಕೇಳಿ ಪ್ಯಾಕೆಟ್ ಮೇಲಿನ ಅಳತೆಯಲ್ಲೇ ಕೊಡಿ, ಅಷ್ಟು ದಿನ ಬೇರೆ ನೀರು ಸಿಗದಂತೆ ನೋಡಿಕೊಳ್ಳಿ. ಇಲ್ಲೊಂದು ಎಡವಟ್ಟಿದೆ: ಮರಿ ಸುಸ್ತಾಗಿದೆ ಅಂತ ಜೊತೆಗೆ ಬಿ ಕಾಂಪ್ಲೆಕ್ಸ್ ಹಾಕುತ್ತಾರೆ. ಆಂಪ್ರೋಲಿಯಂ ಕೆಲಸ ಮಾಡುವುದೇ ಆ ಪರಾವಲಂಬಿಗೆ ಬಿ1 ಸಿಗದಂತೆ ತಡೆದು. ನೀವು ಬಿ1 ಕೊಟ್ಟರೆ ಔಷಧಿ ಕೊಟ್ಟೂ ಕೊಡದ ಹಾಗೆ. ವಿಟಮಿನ್ ಏನಿದ್ದರೂ ಕೋರ್ಸು ಮುಗಿದ ಮೇಲೆ.

ಹಿಕ್ಕೆಯಲ್ಲಿ ಬಿಳಿ ದಾರದಂತೆ ಹುಳ ಕಂಡರೆ ಹೆಚ್ಚು ಯೋಚನೆ ಬೇಡ, ಜಂತು ಔಷಧಿ ಬೇಕು. ಕಾಣದಿದ್ದರೂ ಹುಳ ಇಲ್ಲ ಅಂತ ಅಲ್ಲ. ಒಂದು ಸಣ್ಣ ಡಬ್ಬಿಯಲ್ಲಿ ತಾಜಾ ಹಿಕ್ಕೆ ಹಿಡಿದುಕೊಂಡು ಪಶು ಆಸ್ಪತ್ರೆಗೆ ಹೋಗಿ, ಸೂಕ್ಷ್ಮದರ್ಶಕ ಇರುವ ಕಡೆ ಹುಳದ ಮೊಟ್ಟೆ ನೋಡಿ ಹೇಳುತ್ತಾರೆ.

ಬೆಳಗ್ಗೆ ಗಂಟಲ ಚೀಲ

ಇದನ್ನು ನೋಡದವರೇ ಜಾಸ್ತಿ, ನೋಡಿದರೆ ಅತಿ ಹೆಚ್ಚು ಗೊತ್ತಾಗುವುದೂ ಇದರಿಂದಲೇ. ಕುತ್ತಿಗೆ ಬುಡದಲ್ಲಿ, ಎದೆಯ ಮೇಲ್ಭಾಗದಲ್ಲಿ, ಕೋಳಿಯ ಬಲಗಡೆಗೆ ಸರಿದಂತೆ ಒಂದು ಚೀಲ ಇರುತ್ತದೆ. ತಿಂದದ್ದು ಮೊದಲು ಅಲ್ಲಿಗೆ ಹೋಗಿ ನೆನೆಯುತ್ತದೆ. ಸಂಜೆ ಗೂಡಿಗೆ ಹೋಗುವಾಗ ತುಂಬಿರಬೇಕು, ಬೆಳಗ್ಗೆ ಮೇವು ನೀರು ಮುಟ್ಟುವ ಮೊದಲು ಖಾಲಿ ಇರಬೇಕು. ಇಷ್ಟೇ ಪರೀಕ್ಷೆ. ಅದಕ್ಕೇ ರಾತ್ರಿ ಡಬ್ಬದಿಂದ ಮೇವಿನ ಬಟ್ಟಲು ತೆಗೆದಿಡಿ.

ಬೆಳಗ್ಗೆ ಎದ್ದ ಕೂಡಲೇ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಾಲ್ಕು ಬೆರಳಲ್ಲಿ ಮೆಲ್ಲಗೆ ಮುಟ್ಟಿ. ಏನೂ ಸಿಗದೆ ಬರೀ ಚರ್ಮ ಸಿಕ್ಕರೆ ಸರಿ, ಚೀಲ ಕೆಲಸ ಮಾಡುತ್ತಿದೆ, ತೊಂದರೆ ಬೇರೆ ಕಡೆ ಇದೆ. ಗಟ್ಟಿಯಾಗಿ, ಒತ್ತಿದರೆ ಬೆರಳಚ್ಚು ಉಳಿಯುವ ಚಪಾತಿ ಹಿಟ್ಟಿನ ಉಂಡೆಯಂತೆ ಸಿಕ್ಕರೆ ಅದು ಕಟ್ಟಿಕೊಂಡಿದೆ. ಮೆತ್ತಗೆ, ಒಳಗೆ ನೀರು ಗಾಳಿ ಓಡಾಡುವಂತಿದ್ದು, ಬಾಯಿಂದ ಹುಳಿ ವಾಸನೆ ಬಂದರೆ ಒಳಗೆ ಹುಳಿತು ಬೂಸ್ಟು ಬೆಳೆದಿದೆ.

ಕಟ್ಟಿಕೊಳ್ಳುವುದು ನಮ್ಮ ಕಡೆ ಯಾಕೆ ಜಾಸ್ತಿ ಅಂದರೆ, ಮಳೆ ಬಿದ್ದ ಮೇಲೆ ಹುಲ್ಲು ಉದ್ದುದ್ದ ಬೆಳೆಯುತ್ತದೆ, ಕೋಳಿ ಅದನ್ನು ಕತ್ತರಿಸದೆ ಹಾಗೇ ನುಂಗುತ್ತದೆ, ಒಳಗೆ ಹಗ್ಗ ಹೊಸೆದಂತಾಗುತ್ತದೆ. ಅಡಿಕೆ ಸಿಪ್ಪೆಯ ನಾರು ಇನ್ನೊಂದು. ಮೂರನೆಯದು ನೀಲಿ ಟಾರ್ಪಾಲಿನ ಎಳೆ. ಮೂಡಿಗೆರೆ ಕಡೆಯ ಒಂದು ಮನೆಯಲ್ಲಿ ಕಾಫಿ ಒಣಗಿಸುವ ಕಣದ ಅಂಚಿಗೆ ಹರಿದ ಟಾರ್ಪಾಲು ಬಿದ್ದಿತ್ತು. ಅವರ ಹೇಂಟೆಯ ಚೀಲ ನಿಂಬೆಹಣ್ಣಿನ ಗಾತ್ರಕ್ಕೆ ಗಟ್ಟಿಯಾಗಿತ್ತು, ತಿಕ್ಕಿದರೂ ಎಣ್ಣೆ ಕೊಟ್ಟರೂ ಕದಲಲಿಲ್ಲ. ವೈದ್ಯರು ಚೀಲ ಕೊಯ್ದು ತೆಗೆದರೆ ಹುಲ್ಲಿನ ಮಧ್ಯೆ ನೀಲಿ ಪ್ಲಾಸ್ಟಿಕ್ ದಾರ, ಎಳೆದಷ್ಟೂ ಬರುತ್ತಿತ್ತು. ಹೊಲಿಗೆ ಹಾಕಿ ಕಳಿಸಿದರು. ಬದುಕಿತು, ಈಗಲೂ ಮೊಟ್ಟೆ ಇಡುತ್ತಿದೆ.

ಕಟ್ಟಿಕೊಂಡದ್ದು ಶುರುವಿನಲ್ಲೇ ಗೊತ್ತಾದರೆ ಮನೆಯಲ್ಲೇ ಪ್ರಯತ್ನ ಮಾಡಬಹುದು. ಮೇವು ನಿಲ್ಲಿಸಿ. ಉಗುರು ಬೆಚ್ಚಗಿನ ನೀರು ಹನಿ ಹನಿಯಾಗಿ ಕುಡಿಸಿ, ಒಂದೆರಡು ಮಿಲಿಲೀಟರ್ ತೆಂಗಿನೆಣ್ಣೆ ಕೊಡಿ, ಐದು ನಿಮಿಷ ಚೀಲವನ್ನು ಮೆಲ್ಲಗೆ ಸುತ್ತಲೂ ಒತ್ತಿ ಮೆತ್ತಗೆ ಮಾಡಿ. ದಿನಕ್ಕೆ ಮೂರು ನಾಲ್ಕು ಸಲ. ಮಾರನೇ ದಿನವೂ ಹಾಗೇ ಇದ್ದರೆ ವೈದ್ಯರ ಹತ್ತಿರ ಹೋಗಿ. ಹುಳಿತ ಚೀಲವನ್ನು ಖಾಲಿ ಮಾಡಲು ಕೆಲವರು ಕೋಳಿಯನ್ನು ತಲೆಕೆಳಗೆ ಹಿಡಿದು ಹಿಂಡುತ್ತಾರೆ. ನೋಡಲು ಬಹಳ ಪರಿಣಾಮಕಾರಿ, ನೀರೆಲ್ಲ ಸುರಿಯುತ್ತದೆ. ಅದೇ ನೀರು ಶ್ವಾಸನಾಳಕ್ಕೆ ಹೋದರೆ ಕೋಳಿ ನಿಮ್ಮ ಕೈಯಲ್ಲೇ ಹೋಗುತ್ತದೆ. ಆ ಕೆಲಸ ತಿಳಿದವರಿಗೆ ಬಿಡಿ. ಶಿಲೀಂಧ್ರದ ಔಷಧಿ ಬೇಕಾಗುತ್ತದೆ, ಅದನ್ನೂ ಅವರೇ ಬರೆದುಕೊಡಲಿ.

ಗೂಡಲ್ಲೇ ಕಟ್ಟಿ ಸಾಕಿದ್ದರೆ ಒಂದು ಬಟ್ಟಲು ದಪ್ಪ ಮರಳು ಇಟ್ಟಿರಿ. ಹಲ್ಲಿಲ್ಲದ ಪ್ರಾಣಿ, ಕಲ್ಲು ಇಲ್ಲದಿದ್ದರೆ ಅರೆಯುವುದು ಹೇಗೆ?

ಕೈಯಲ್ಲಿ ಹಿಡಿದಾಗ

ಎದೆ ಮಧ್ಯದ ಮೂಳೆ ಮೇಲೆ ಬೆರಳು ಓಡಿಸಿ. ಎರಡೂ ಕಡೆ ಮಾಂಸ ತುಂಬಿದ್ದರೆ ಕಾಯಿಲೆ ಈಚಿನದು. ಮೂಳೆ ಚೂಪಾಗಿ ಎದ್ದು ಕಂಡರೆ ವಾರಗಟ್ಟಲೆಯಿಂದ ಸೊರಗಿದೆ, ಹುಳವೋ, ಹೇನೋ, ಒಳಗಿನ ದೊಡ್ಡ ಕಾಯಿಲೆಯೋ ಇರಬೇಕು. ಈ ಒಂದು ಪರೀಕ್ಷೆಗೆ ಅರ್ಧ ನಿಮಿಷ ಸಾಕು, ವೈದ್ಯರಿಗೆ ಫೋನಿನಲ್ಲಿ ಹೇಳಲು ಇದಕ್ಕಿಂತ ಉಪಯೋಗದ ಮಾಹಿತಿ ಇನ್ನೊಂದಿಲ್ಲ.

ಜುಟ್ಟು ಬಿಳಿಚಿದ್ದರೆ ರಕ್ತ ಕಡಿಮೆ. ಬಾಲದ ಕೆಳಗೆ, ರೆಕ್ಕೆ ಕೆಳಗೆ ಗರಿ ಬಿಡಿಸಿ ನೋಡಿ. ಹೇನು ಹಗಲಲ್ಲೂ ಓಡಾಡುತ್ತದೆ, ಗರಿಯ ಬುಡಕ್ಕೆ ಬಿಳಿ ಮೊಟ್ಟೆ ಗೊಂಚಲು ಕಟ್ಟಿರುತ್ತದೆ. ಆದರೆ ಕೆಂಪು ನುಸಿ ಮತ್ತು ಕೋಳಿ ಉಣ್ಣೆ ಬಹಳ ಚಾಲಾಕು. ಹಗಲು ಗೂಡಿನ ಹಲಗೆ ಸಂದಿಯಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತವೆ. ಹಗಲು ನೋಡಿ "ಏನೂ ಇಲ್ಲ" ಅಂದುಕೊಳ್ಳುತ್ತೀರಿ. ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಹಿಡಿದು, ಕೂರುವ ಕೋಲಿನ ಕೆಳಗಡೆ ಬಿಳಿ ಬಟ್ಟೆಯಲ್ಲಿ ಒರೆಸಿ. ಕೆಂಪು ಗೆರೆ ಬಂದರೆ ಸಿಕ್ಕಿತು. ಆಗ ಕೋಳಿಗಿಂತ ಗೂಡಿಗೆ ಚಿಕಿತ್ಸೆ ಮುಖ್ಯ: ಹಲಗೆಗೆ ಕುದಿಯುವ ನೀರು, ಸಂದಿಗೆ ಸುಣ್ಣ, ಒಂದು ವಾರ ಬಿಟ್ಟು ಮತ್ತೊಮ್ಮೆ. ಕೋಳಿಗೆ ಒಣ ಬೂದಿ ಮರಳು ಬೆರೆಸಿದ ಗುಂಡಿ ಮಾಡಿಕೊಡಿ, ಮಳೆ ಬೀಳದ ಕಡೆ.

ಜುಟ್ಟಿನ ಮೇಲೆ, ಕಣ್ಣ ಸುತ್ತ ಗುಳ್ಳೆ ಎದ್ದು ಕಪ್ಪು ಹೆಕ್ಕಳೆ ಕಟ್ಟಿದ್ದರೆ ಅದು ಕೋಳಿ ಸಿಡುಬು. ಸೊಳ್ಳೆಯಿಂದ ಹರಡುತ್ತದೆ. ವೈರಸ್ ಕಾಯಿಲೆ, ಔಷಧಿ ಇಲ್ಲ, ಮೂರು ನಾಲ್ಕು ವಾರದಲ್ಲಿ ತಾನಾಗೇ ಒಣಗುತ್ತದೆ. ಅರಿಶಿನ ತೆಂಗಿನೆಣ್ಣೆ ಹಚ್ಚಿ, ಒಳ್ಳೆಯದೇ. ಹೆಕ್ಕಳೆ ಕೀಳಬೇಡಿ, ರಕ್ತವೂ ಬರುತ್ತದೆ, ಬಿದ್ದ ಹೆಕ್ಕಳೆಯಲ್ಲಿ ವೈರಸ್ಸೂ ಇರುತ್ತದೆ. ಕಣ್ಣು ಮುಚ್ಚಿ ಹೋದರೆ ಕುದಿಸಿ ಆರಿಸಿದ ಉಪ್ಪುನೀರಲ್ಲಿ ಒರೆಸಿ, ಕೈಯಾರೆ ತಿನ್ನಿಸಿ. ಸಿಡುಬು ಕೊಲ್ಲುವುದಕ್ಕಿಂತ ಕಣ್ಣು ಕಾಣದೆ ಹಸಿವಿನಿಂದ ಸಾಯುವ ಕೋಳಿಯೇ ಜಾಸ್ತಿ. ಬಾಯೊಳಗೆ ಹಳದಿ ಪದರ ಕಟ್ಟಿದ್ದರೆ ಮಾತ್ರ ವಿಷಯ ಗಂಭೀರ.

ಅಂಗಾಲು ನೋಡಿ. ಊದಿ ಮಧ್ಯೆ ಕಪ್ಪು ಚುಕ್ಕೆ ಇದ್ದರೆ ಕೀವು. ಕಾಲಿನ ಹುರುಪೆ ಎದ್ದು ದಪ್ಪಗಾಗಿದ್ದರೆ ಅದೂ ಒಂದು ನುಸಿ, ದಿನಾ ವ್ಯಾಸಲೀನ್ ಬಳಿದರೆ ಆ ನುಸಿ ಉಸಿರು ಕಟ್ಟಿ ಸಾಯುತ್ತದೆ. ಸೀಮೆಎಣ್ಣೆ ಸುರಿಯುವ ಹಳೇ ಪದ್ಧತಿ ಬಿಡಿ, ಪಾಪ.

ಉಸಿರು

ರಾತ್ರಿ ಸದ್ದಿಲ್ಲದಾಗ ಡಬ್ಬಕ್ಕೆ ಕಿವಿ ಕೊಡಿ. ಗೊರಗೊರ, ಸೀನು, ಸೀಟಿ ಕೇಳಿದರೆ ಶ್ವಾಸದ ಕಾಯಿಲೆ. ಕಣ್ಣಂಚಲ್ಲಿ ನೊರೆ ಗುಳ್ಳೆ ಇದ್ದರೆ ಹಳೇ ಶೀತ. ಮುಖ ಒಂದು ಕಡೆ ಊದಿ ಮೂಗಿಂದ ಕೆಟ್ಟ ವಾಸನೆ ಬಂದರೆ ಕೊರೈಜಾ ಅನ್ನುವ ಬ್ಯಾಕ್ಟೀರಿಯಾ ಶೀತ. ಎರಡಕ್ಕೂ ಆಂಟಿಬಯಾಟಿಕ್ ಇದೆ, ಆದರೆ ಗುಣವಾದ ಮೇಲೂ ಕೋಳಿ ಒಳಗೊಳಗೇ ರೋಗಾಣು ಹೊತ್ತುಕೊಂಡಿರಬಹುದು. ಗೂಡಿಗೆ ಬಗ್ಗಿದಾಗ ನಿಮ್ಮ ಕಣ್ಣು ಉರಿದರೆ, ಮೊದಲು ಹೊಟ್ಟು ಬದಲಿಸಿ. ಬೂಸ್ಟು ಹಿಡಿದ ಹೊಟ್ಟನ್ನು ಒಣಗಿಸಿ ಮತ್ತೆ ಹಾಕುವ ಉಳಿತಾಯ ಬೇಡ, ಆ ಬೂಸ್ಟು ಶ್ವಾಸಕೋಶದಲ್ಲಿ ಬೆಳೆದರೆ ಚಿಕಿತ್ಸೆ ಇಲ್ಲದಷ್ಟು ಕಷ್ಟ.

ಮೊಟ್ಟೆ ಸಿಕ್ಕಿಕೊಂಡಿದೆಯಾ?

ಮೊಟ್ಟೆ ಇಡುವ ವಯಸ್ಸಿನ ಹೇಂಟೆ ಬೆನ್ನು ನೆಟ್ಟಗೆ ಮಾಡಿ ನಿಂತು, ಬಾಲ ಮೇಲೆ ಕೆಳಗೆ ಆಡಿಸುತ್ತಾ, ಮತ್ತೆ ಮತ್ತೆ ಗೂಡಿಗೆ ಹೋಗಿ ಬರಿಗೈಲಿ ವಾಪಸ್ ಬರುತ್ತಿದ್ದರೆ ಇದನ್ನೇ ಮೊದಲು ನೋಡಿ. ಕೈಗವಸು ಹಾಕಿ, ಬೆರಳಿಗೆ ತೆಂಗಿನೆಣ್ಣೆ ಸವರಿ, ಹಿಂದಿನಿಂದ ಮೆಲ್ಲಗೆ ನೋಡಿದರೆ ಎರಡು ಗೆಣ್ಣು ಒಳಗೆ ಮೊಟ್ಟೆಯ ಗಟ್ಟಿ ತುದಿ ತಾಗುತ್ತದೆ. ಬಕೆಟ್‌ನಲ್ಲಿ ಸ್ನಾನಕ್ಕಿಂತ ಸ್ವಲ್ಪ ತಗ್ಗಿದ ಬಿಸಿನೀರು ಹಾಕಿ ಹೊಟ್ಟೆ ಮುಳುಗುವಷ್ಟು ಇಪ್ಪತ್ತು ಮೂವತ್ತು ನಿಮಿಷ ಕೂರಿಸಿ. ಆಶ್ಚರ್ಯ ಅಂದರೆ ಒದ್ದಾಡುವುದಿಲ್ಲ, ಕಣ್ಣು ಮುಚ್ಚಿಕೊಂಡು ಕೂತುಬಿಡುತ್ತದೆ. ಆಮೇಲೆ ಒರೆಸಿ, ಪೂರ್ತಿ ಒಣಗಿಸಿ, ಒಂದೆರಡು ಮಿಲಿಲೀಟರ್ ಕ್ಯಾಲ್ಸಿಯಂ ಸಿರಪ್ ಕೊಟ್ಟು ಕತ್ತಲೆಯಲ್ಲಿ ಬಿಡಿ. ಕೆಲವು ಗಂಟೆಯಲ್ಲಿ ಇಡದಿದ್ದರೆ ಇನ್ನೊಮ್ಮೆ ಮಾಡಿ, ಆಗಲೂ ಇಲ್ಲ ಅಂದರೆ ಅದೇ ದಿನ ವೈದ್ಯರು. ಹೊಟ್ಟೆ ಒತ್ತಿ ಹೊರಗೆ ತಳ್ಳಲು ಹೋಗಬೇಡಿ. ಒಳಗೆ ಒಡೆದರೆ ಚಿಪ್ಪು ಕೊಯ್ಯುತ್ತದೆ, ಸೋಂಕಾಗುತ್ತದೆ.

ಕಾಲು ಬಿದ್ದಿದೆ, ಕುತ್ತಿಗೆ ತಿರುಗಿದೆ

ಎಳೇ ವಯಸ್ಸಿನ ಕೋಳಿ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಮಲಗಿದರೆ ಮಾರೆಕ್ಸ್ ರೋಗದ ಅನುಮಾನ. ಔಷಧಿ ಇಲ್ಲ. ಪುಟ್ಟ ಮರಿಯ ಬೆರಳು ಒಳಗೆ ಮಡಚಿಕೊಂಡಿದ್ದರೆ ಬಿ2 ಕೊರತೆ ಇರಬಹುದು, ಬೇಗ ಕೊಟ್ಟರೆ ಸರಿಹೋಗುತ್ತದೆ. ಕುತ್ತಿಗೆ ತಿರುಚಿಕೊಂಡು ಆಕಾಶ ನೋಡುತ್ತಾ ಸುತ್ತಿದರೆ, ಜೊತೆಗೆ ಹಸಿರು ಹಿಕ್ಕೆ, ಗೊರಗೊರ ಉಸಿರು ಇದ್ದು ಪಕ್ಕದ ಮನೆ ಕೋಳಿಯೂ ಸತ್ತಿದ್ದರೆ ಕೊಕ್ಕರೆ ರೋಗ ಅಂದುಕೊಳ್ಳಿ. ಇದೇ ರಾಣಿಖೇತ್ ರೋಗ. ಬದುಕಿ ಉಳಿದದ್ದಕ್ಕೆ ಕುತ್ತಿಗೆ ಸೊಟ್ಟಗೇ ಉಳಿಯಬಹುದು. ಕೈಯಾರೆ ತಿನ್ನಿಸುವ ತಾಳ್ಮೆ ಇದ್ದರೆ ಅಂಥ ಕೋಳಿಯೂ ಬಾಳುತ್ತದೆ.

ಕುತ್ತಿಗೆ ತಿರುಚದೆ ಬರೀ ಬಲವಿಲ್ಲದೆ ನೆಲಕ್ಕೆ ಬಿದ್ದಿದ್ದರೆ ಸುತ್ತಮುತ್ತ ಸತ್ತ ಇಲಿ, ಹೆಗ್ಗಣ ಕೊಳೆತಿದೆಯಾ ನೋಡಿ. ಅದರ ಹುಳ ತಿಂದರೂ ಹೀಗಾಗುತ್ತದೆ.

ನಮ್ಮ ಕಡೆಯ ವಿಷಗಳು

ಇದನ್ನು ಹೊರಗಿನವರು ಬರೆದ ಕೈಪಿಡಿಯಲ್ಲಿ ನೋಡಲು ಸಿಗುವುದಿಲ್ಲ. ಮಳೆಗೆ ಮೊದಲು ಅಡಿಕೆಗೂ ಕಾಫಿಗೂ ಬೋರ್ಡೋ ದ್ರಾವಣ ಹೊಡೆಯುತ್ತಾರೆ, ಮೈಲುತುತ್ತ ಕಲಸಿದ ಡ್ರಮ್ಮಿನ ಪಕ್ಕ ನೀಲಿ ನೀರು ನಿಂತಿರುತ್ತದೆ, ಕೋಳಿ ಅದನ್ನೇ ಕುಡಿಯುತ್ತದೆ. ಶುಂಠಿ ಹೊಲಕ್ಕೆ ಹಾಕುವ ಹರಳು ಔಷಧಿ ಕಾಳಿನಂತೆ ಕಾಣುತ್ತದೆ. ಹಾಸನದ ಕಡೆ ಬಿತ್ತನೆಗೆ ಔಷಧಿ ಸವರಿ ಮಿಕ್ಕ ಆಲೂಗಡ್ಡೆ, ಹಸಿರು ತಿರುಗಿದ ಆಲೂಗಡ್ಡೆ, ಅದರ ಮೊಳಕೆ, ಮೂರೂ ಕೆಟ್ಟದ್ದು. ಬೂಸ್ಟು ಹಿಡಿದ ಮೆಕ್ಕೆಜೋಳ "ಕೋಳಿಗೆ ಆಗುತ್ತೆ ಬಿಡಿ" ಅಂತ ಹಾಕುತ್ತಾರೆ, ಆ ಬೂಸ್ಟಿನ ವಿಷ ಯಕೃತ್ತನ್ನು ಹಾಳು ಮಾಡುತ್ತದೆ. ಈಗ ಕಾಫಿ ತೋಟದಲ್ಲೆಲ್ಲ ಬೆಣ್ಣೆಹಣ್ಣು ಹಾಕಿದ್ದಾರಲ್ಲ, ಅದರ ಎಲೆ, ಸಿಪ್ಪೆ, ಬೀಜ ಹಕ್ಕಿಗಳ ಹೃದಯಕ್ಕೆ ವಿಷ. ಇಂಬಳವನ್ನು ಮಾತ್ರ ಹೆಕ್ಕಿ ತಿಂದು ಅರಗಿಸಿಕೊಳ್ಳುತ್ತವೆ, ಅದೊಂದು ಉಪಕಾರ.

ಬೆಳಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಬಿದ್ದು ಒದ್ದಾಡಿದರೆ, ಬಾಯಲ್ಲಿ ಜೊಲ್ಲು, ನಡುಕ ಇದ್ದರೆ ವಿಷದ ಅನುಮಾನ ಪಡಿ. ಅಕ್ಕಪಕ್ಕ ಯಾರು ಏನು ಹೊಡೆದರು ಕೇಳಿ, ಬಾಟಲಿಯ ಲೇಬಲ್ ಫೋಟೋ ತೆಗೆದುಕೊಂಡೇ ವೈದ್ಯರ ಹತ್ತಿರ ಹೋಗಿ. ಕೆಲವಕ್ಕೆ ಪ್ರತಿವಿಷ ಇದೆ, ಹೆಸರು ಗೊತ್ತಾದರೆ ಮಾತ್ರ.

ಒಂದಕ್ಕಿಂತ ಜಾಸ್ತಿ ಸಾಯುತ್ತಿದ್ದರೆ

ಆಗ ಮನೆವೈದ್ಯ ಪೂರ್ತಿ ನಿಲ್ಲಿಸಿ. ಜುಟ್ಟು ನೇರಳೆ ಬಣ್ಣಕ್ಕೆ ತಿರುಗಿ, ಮುಖ ಊದಿ, ಒಂದಾದ ಮೇಲೆ ಒಂದು ದಿಢೀರ್ ಹೋಗುತ್ತಿದ್ದರೆ ಹಕ್ಕಿ ಜ್ವರವೂ ಇರಬಹುದು. ಭಾರತದಲ್ಲಿ ಅದು ಮೊದಲು ಕಂಡದ್ದು 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ, ನಮ್ಮ ಪಕ್ಕದ ಮೈಸೂರಿನಲ್ಲೇ 2020ರ ಮಾರ್ಚ್‌ನಲ್ಲಿ ಬಂದಿತ್ತು. ಮನುಷ್ಯರಿಗೂ ತಗಲಬಹುದು. ಸತ್ತದ್ದನ್ನು ಬರಿಗೈಲಿ ಮುಟ್ಟಬೇಡಿ, ಕೊಯ್ದು ಸಾರು ಮಾಡಬೇಡಿ, ಹಳ್ಳಕ್ಕೆ ಎಸೆಯಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಹೇಳಿ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಅಂಥ ಲಕ್ಷಣ ಇಲ್ಲದೆ ಯಾಕೆ ಸತ್ತಿತು ಅಂತ ಗೊತ್ತಾಗಬೇಕಿದ್ದರೆ ಮರಣೋತ್ತರ ಪರೀಕ್ಷೆ ಮಾಡಿಸಬಹುದು. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಮೊದಲು ಫೋನ್ ಮಾಡಿ ಕೇಳಿ, ಆಮೇಲೆ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಐಸ್ ಜೊತೆ ಒಯ್ಯಿರಿ. ಹೆಪ್ಪುಗಟ್ಟಿಸಬೇಡಿ, ಒಳಗಿನ ಅಂಗಾಂಶ ಹಾಳಾಗುತ್ತದೆ.

ತಿನ್ನಿಸುವುದು, ಕುಡಿಸುವುದು

ಕಾಯಿಲೆ ಕೋಳಿ ಸಾಯುವುದು ಎಷ್ಟೋ ಸಲ ನೀರಿಲ್ಲದೆ. ಆರೋಗ್ಯವಾಗಿದ್ದಾಗ ಒಂದು ದೊಡ್ಡ ಕೋಳಿ ದಿನಕ್ಕೆ ಒಂದು ಲೋಟಕ್ಕೂ ಮಿಗಿಲು ನೀರು ಕುಡಿಯುತ್ತದೆ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಓಆರ್‌ಎಸ್ ಪ್ಯಾಕೆಟ್ ಕಲಸಿ ಒಂದೆರಡು ದಿನ ಇಡಿ, ಪಕ್ಕದಲ್ಲಿ ಬರೀ ನೀರೂ ಇರಲಿ. ತಾನಾಗಿ ಕುಡಿಯದಿದ್ದರೆ ಸೂಜಿ ತೆಗೆದ ಸಿರಿಂಜಿನಲ್ಲಿ ಕೊಕ್ಕಿನ ಪಕ್ಕಕ್ಕೆ ಒಂದೊಂದೇ ಹನಿ ಬಿಡಿ, ನುಂಗುವುದನ್ನು ನೋಡಿ ಮುಂದಿನ ಹನಿ. ಬಾಯಿ ಅಗಲಿಸಿ ಸುರಿಯಬೇಡಿ. ನಾಲಿಗೆ ಹಿಂದೆಯೇ ಶ್ವಾಸನಾಳದ ಬಾಯಿ ಇದೆ. ಕಣ್ಣಾರೆ ನೋಡಿ, ಉಸಿರಿಗೆ ತಕ್ಕಂತೆ ತೆರೆದು ಮುಚ್ಚುವ ಸಣ್ಣ ಸೀಳು. ಅದನ್ನು ಒಂದು ಸಲ ನೋಡಿದವರು ಮತ್ತೆ ಯಾವತ್ತೂ ಲೋಟದಲ್ಲಿ ಕುಡಿಸುವುದಿಲ್ಲ.

ಚೀಲ ಖಾಲಿಯಾಗುತ್ತಿದೆ ಅಂತ ಖಾತ್ರಿಯಾದ ಮೇಲೆಯೇ ಮೇವು. ಬೇಯಿಸಿದ ಮೊಟ್ಟೆಯ ಹಳದಿ, ತೆಳು ರಾಗಿ ಗಂಜಿ, ಮೆತ್ತಗೆ ಬೆಂದ ಅನ್ನ, ನೆನೆಸಿದ ಕೋಳಿ ಮೇವು. ಸ್ವಲ್ಪ ಸ್ವಲ್ಪ, ಹಲವು ಸಲ. ಹಾಲು ಬೇಡ, ಅರಗುವುದಿಲ್ಲ. ಬ್ರಾಂದಿ, ಸಾರಾಯಿ ಕುಡಿಸಿದರೆ ಶೀತ ಹೋಗುತ್ತದೆ ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ. ಕುಡಿದ ಕೋಳಿಗೆ ನುಂಗುವ ಹಿಡಿತವೂ ಇರಲ್ಲ, ಮೈ ಶಾಖವೂ ಇಳಿಯುತ್ತದೆ.

ದಿನಾ ಒಂದೇ ಹೊತ್ತಿಗೆ ಅಡುಗೆಮನೆ ತಕ್ಕಡಿಯಲ್ಲಿ ತೂಕ ನೋಡಿ ಗೋಡೆ ಕ್ಯಾಲೆಂಡರ್ ಮೇಲೆ ಬರೆಯಿರಿ. ಕಣ್ಣಿಗೆ ಚೇತರಿಕೆ ಕಾಣುವ ಮೊದಲೇ ತೂಕ ಇಳಿಯುವುದು ನಿಲ್ಲುತ್ತದೆ. ಎಲ್ಲಾ ಮಾಡಿಯೂ ತೂಕ ಇಳಿಯುತ್ತಲೇ ಹೋಗಿ, ನಿಲ್ಲಲೂ ಆಗದೆ, ನರಳುತ್ತಿದ್ದರೆ ನೋವಿಲ್ಲದೆ ಮುಗಿಸಲು ವೈದ್ಯರನ್ನೇ ಕೇಳಿ. ಎಳೆದಾಡುವುದು ಪ್ರೀತಿ ಅಲ್ಲ ಅನ್ನುವುದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ಔಷಧಿ, ಮೊಟ್ಟೆ, ವಾಪಸ್ ಗೂಡಿಗೆ

ಮನೆಯಲ್ಲಿ ಮಿಕ್ಕ ಮನುಷ್ಯರ ಆಂಟಿಬಯಾಟಿಕ್ ಮಾತ್ರೆ ಕಾಲುಭಾಗ ಮುರಿದು ಕೊಡುವುದು ಬಿಡಿ. ವೈರಸ್ಸಿಗೂ ಹುಳಕ್ಕೂ ಸಿಕ್ಕಿಕೊಂಡ ಮೊಟ್ಟೆಗೂ ಅದರಿಂದ ಏನೂ ಆಗಲ್ಲ. ವೈದ್ಯರು ಬರೆದರೆ ಅವರು ಹೇಳಿದಷ್ಟು ದಿನ ಪೂರ್ತಿ ಕೊಡಿ, ಎರಡನೇ ದಿನ ಚುರುಕಾಯಿತು ಅಂತ ನಿಲ್ಲಿಸಬೇಡಿ. ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಆಗಲೇ ಕೇಳಿಕೊಳ್ಳಿ, ಜಂತು ಔಷಧಿಗೂ ಇದು ಅನ್ವಯ. ಅಷ್ಟು ದಿನದ ಮೊಟ್ಟೆ ಮಣ್ಣಿಗೆ.

ಗುಣವಾದದ್ದನ್ನು ನೇರ ಗುಂಪಿಗೆ ಬಿಟ್ಟರೆ ಹಳೇ ಗೆಳತಿಯರೇ ಕುಕ್ಕಿ ರಕ್ತ ಬರಿಸುತ್ತವೆ. ಕೆಲವು ದಿನ ಜಾಲರಿಯ ಈಚೆ ಅದು, ಆಚೆ ಉಳಿದವು ಇರಲಿ. ಆಮೇಲೆ ಒಂದು ರಾತ್ರಿ ಎಲ್ಲಾ ಕೂತ ಮೇಲೆ ಮೆಲ್ಲಗೆ ಕೋಲಿನ ಮೇಲೆ ಕೂರಿಸಿ. ಬೆಳಗ್ಗೆ ಸ್ವಲ್ಪ ಜಗಳ ಇರುತ್ತದೆ, ಮೇವಿನ ಬಟ್ಟಲು ಎರಡು ಕಡೆ ಇಟ್ಟರೆ ಕಡಿಮೆ.

ಸಂತೆಯಿಂದ, ಜಾತ್ರೆಯಿಂದ ತಂದ ಹೊಸ ಕೋಳಿಯನ್ನು ಎರಡು ಮೂರು ವಾರ ದೂರ ಇಡಿ, ಕೊಕ್ಕರೆ ರೋಗ ಕೇರಿಗೆ ಬರುವ ಮುಖ್ಯ ದಾರಿಯೇ ಅದು. ಈ ರೋಗಕ್ಕೆ ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ ಲಸಿಕೆ, ಎಂಟು ವಾರದ ಹೊತ್ತಿಗೆ ಆರ್2ಬಿ ಅನ್ನುವ ಲಸಿಕೆಯ ಇಂಜೆಕ್ಷನ್. ಆರೋಗ್ಯವಾಗಿರುವ ಕೋಳಿಗೆ ಮಾತ್ರ. ಒಂದು ಬಾಟಲಿಯಲ್ಲಿ ಸಾಮಾನ್ಯವಾಗಿ ನೂರು, ಇನ್ನೂರು ಡೋಸ್ ಇರುತ್ತದೆ, ಕಲಸಿದ ಮೇಲೆ ಐಸ್ ಮೇಲಿಟ್ಟು ಒಂದೆರಡು ಗಂಟೆಯೊಳಗೆ ಮುಗಿಸಬೇಕು, ನಾಲ್ಕು ಕೋಳಿಗೆ ಅಂತ ಯಾರೂ ಬಾಟಲಿ ಒಡೆಯುವುದಿಲ್ಲ. ಅಕ್ಕಪಕ್ಕದ ಮನೆಯವರನ್ನು ಸೇರಿಸಿ, ಎಲ್ಲರ ಕೋಳಿ ಎಣಿಸಿ, ಒಂದು ದಿನ ಗೊತ್ತು ಮಾಡಿ ಪಶು ಆಸ್ಪತ್ರೆಗೆ ಹೇಳಿ. ಹಿಂದಿನ ರಾತ್ರಿಯೇ ಎಲ್ಲವನ್ನೂ ಮಂಕರಿ ಕೆಳಗೆ ಮುಚ್ಚಿಡಿ, ಬೆಳಗ್ಗೆ ಬಿಟ್ಟ ಮೇಲೆ ತೋಟದಲ್ಲಿ ಹಿಡಿಯಲು ಹೋದರೆ ಒಂದೂ ಸಿಗುವುದಿಲ್ಲ.